ಕುರಿಗಾಹಿಗಳಿಗೆ ಕಾಗದ-ಪತ್ರ ಯಾಕೆ ಸುಲಭಕ್ಕೆ ಸಿಗಲ್ಲ?

ಓದುಗರ ಪ್ರಶ್ನೆ: "ಈಗ ಆಧಾರ್ ಎಲ್ಲರಿಗೂ ಸಿಗುತ್ತೆ. ಆದ್ರೂ ಕುರಿ ಹೊಡ್ಕೊಂಡು ಊರೂರು ತಿರುಗೋರ ಹತ್ರ ಒಂದಲ್ಲ ಒಂದು ಕಾಗದ ಇರೋದೇ ಇಲ್ಲ. ಒಂದು ವಾರ ಊರಲ್ಲಿ ನಿಂತು ಎಲ್ಲಾ ಮಾಡಿಸ್ಕೋಬಾರದಾ?"

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಸ್ವಲ್ಪ ಗದರಿಕೆಯೂ ಅದರಲ್ಲಿದೆ, ಇರಲಿ. ಕಾನೂನು ಇವರಿಗೆ ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ಕಚೇರಿಯ ಪದ್ಧತಿ. ಅರ್ಜಿ ಹಾಕಿದವರು ಹುಟ್ಟಿದ ಊರಲ್ಲೇ ಬೆಳೆದಿರುತ್ತಾರೆ, ವಿಚಾರಣೆಗೆ ಬಂದ ದಿನ ಮನೆಯಲ್ಲಿ ಸಿಗುತ್ತಾರೆ ಅಂತ ನಂಬಿಕೊಂಡೇ ಅದು ನಡೆಯುತ್ತದೆ.

ಮೊದಲು ಆ 'ಒಂದು ವಾರ'ದ ವಿಷಯ. ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬ ಕುಟುಂಬಗಳನ್ನೇ ತಗೊಳ್ಳಿ. ಮಳೆಗಾಲ ಮುಗಿದ ಮೇಲೆ ಹಿಂಡಿನ ಜೊತೆ ಹೊರಟರೆ, ಮತ್ತೆ ಊರ ಕಡೆ ಮುಖ ಮಾಡುವುದು ಮುಂಗಾರಿನ ಹೊತ್ತಿಗೆ. ಕುದುರೆ ಬೆನ್ನ ಮೇಲೆ ಪಾತ್ರೆ, ಕಂಬಳಿ, ಹಟ್ಟಿ ಕಟ್ಟುವ ಬಲೆ, ಆಗತಾನೇ ಹುಟ್ಟಿದ ಮರಿ, ಒಮ್ಮೊಮ್ಮೆ ಕೋಳಿಯೂ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಇವರಿಗೆ ಕಾಳೋ ದುಡ್ಡೋ. ಯಾರ ಹೊಲದಲ್ಲಿ ಎಷ್ಟು ರಾತ್ರಿ ಅನ್ನುವ ಮಾತು ಮೊದಲೇ ಆಗಿರುತ್ತದೆ. ಮೇವು ಮುಗಿದ ಕಡೆ ಹಿಂಡು ನಿಲ್ಲುವುದಿಲ್ಲ, ಕುರಿಗೆ ರಜೆ ಅರ್ಜಿ ಗೊತ್ತಿಲ್ಲ. ಒಬ್ಬರು ಊರಿಗೆ ಹೋದರೆ ಕಾಯೋಕೆ ಒಬ್ಬರು ಕಮ್ಮಿ. ಕಳ್ಳರ ಕಾಟ, ತೋಳದ ಕಾಟ ಬೇರೆ. ಇಷ್ಟೆಲ್ಲ ಆಗಿಯೂ ಒಂದು ವಾರದಲ್ಲಿ ಕೆಲಸ ಮುಗಿಯುತ್ತಾ? ಒಂದು ಕಾಗದಕ್ಕೆ ಇನ್ನೊಂದು ಕಾಗದ ಕೇಳುತ್ತಾರೆ, ಆ ಇನ್ನೊಂದು ಬೇರೆ ಜಿಲ್ಲೆಯಲ್ಲಿರುತ್ತದೆ.

ಬೇರೆ ಜಿಲ್ಲೆ ಯಾಕೆ ಅಂತೀರಾ? ಗಂಟು ಬೀಳುವುದು ಹುಟ್ಟಿನಲ್ಲೇ. 1969ರ ಜನನ-ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ರಿಜಿಸ್ಟರಿನಲ್ಲೇ ಬರೆಸಬೇಕು, ಅಪ್ಪ-ಅಮ್ಮನ ಊರಿನದರಲ್ಲಿ ಅಲ್ಲ. ಬಾಗಲಕೋಟೆ ಜಿಲ್ಲೆಯ ದಂಪತಿಗೆ ರಾಯಚೂರು ಕಡೆಯ ಹೊಲವೊಂದರಲ್ಲಿ ಮಗು ಆಯ್ತು ಅಂದುಕೊಳ್ಳಿ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಅಷ್ಟರಲ್ಲಿ ಹಿಂಡು ಇನ್ನೊಂದು ತಾಲ್ಲೂಕಿಗೆ ದಾಟಿರಬಹುದು. 30 ದಿನ ಕಳೆದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಎಲ್ಲವೂ ಆ ಹೊಲ ಇರುವ ಸೀಮೆಯಲ್ಲೇ ಆಗಬೇಕು. ಅಮ್ಮನಿಗೆ ಹೊಲದ ಯಜಮಾನರ ಹೆಸರು ನೆನಪಿರುತ್ತದೆ. ಅದು ಯಾವ ಪಂಚಾಯ್ತಿಗೆ ಸೇರಿದ್ದು ಅಂದರೆ ಹೇಗೆ ಹೇಳಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯವರೇ ಮಾಹಿತಿ ಕೊಡುತ್ತಾರೆ, ಅಷ್ಟು ಅನುಕೂಲ. ಆದರೆ ಆಗ ಮಗುವಿಗೆ ಹೆಸರೇ ಇಟ್ಟಿರುವುದಿಲ್ಲ. ಹೆಸರು ಸೇರಿಸಲು ಮೊದಲ 12 ತಿಂಗಳು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಕೇಳೋಕೆ ಉದಾರ ನಿಯಮ. ಆದರೆ ಹೆಸರಿಲ್ಲದ ಪ್ರಮಾಣಪತ್ರವನ್ನು ಶಾಲೆಗೆ ಸೇರಿಸುವ ದಿನದವರೆಗೂ ಯಾರೂ ಬಿಚ್ಚಿ ನೋಡುವುದಿಲ್ಲ.

ಹಿಂದೆಲ್ಲ ಇದಕ್ಕೊಂದು ಹಳ್ಳಿ ಮದ್ದಿತ್ತು. ಹೆಡ್‌ಮಾಸ್ತರು ಮಗುವಿನ ಎತ್ತರ ನೋಡಿ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮಲ್ಲಿ ಅದೆಷ್ಟು ಜನರ ಹುಟ್ಟುಹಬ್ಬ ಜೂನ್ 1, ಅಲ್ವಾ! ಆಮೇಲೆ ಆಧಾರ್ ಬಂತು. ದಾಖಲೆ ಇಲ್ಲದವರು ವಯಸ್ಸು ಹೇಳಿದರು, ಅದು ಜನವರಿ 1 ಅಂತ ಕೂತಿತು. ಈಗ ಒಬ್ಬರೇ ಮನುಷ್ಯರಿಗೆ ಎರಡು ಜನ್ಮದಿನ. ಹೆಸರಿನದೂ ಅದೇ ಪಾಡು. ಒಂದು ಕಡೆ ಬೀರಪ್ಪ, ಇನ್ನೊಂದು ಕಡೆ ಬಿರಪ್ಪ. ಆಧಾರ್‌ನಲ್ಲಿ ಜನ್ಮದಿನ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಅದಕ್ಕೂ ದಾಖಲೆ ಬೇಕು. ಇನ್ನು 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದ ಮಕ್ಕಳಿಗೆ ಹೆಡ್‌ಮಾಸ್ತರ ಮದ್ದೂ ನಡೆಯುವುದಿಲ್ಲ. ಶಾಲೆ, ಆಧಾರ್, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ನನ್ನ ಮಟ್ಟಿಗೆ ಕುರಿಗಾಹಿ ಕುಟುಂಬಗಳಿಗೆ ಈಚೆಗೆ ಬಂದ ದೊಡ್ಡ ತೊಡಕು ಇದು. ಇದರ ಬಿಸಿ ಪೂರ್ತಿ ತಟ್ಟುವುದು ಆ ಮಕ್ಕಳು ದೊಡ್ಡವರಾದ ಮೇಲೆ.

ಆಧಾರ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿದ್ದರೆ ಸಾಕು. ಒಂದೇ ಊರಲ್ಲಿ ಇರಬೇಕು ಅಂತ ಇಲ್ಲ. 2016ರ ಆಧಾರ್ ಕಾಯ್ದೆಯ 5ನೇ ಸೆಕ್ಷನ್ ಅಂತೂ ಅಲೆಮಾರಿ ಬುಡಕಟ್ಟುಗಳು, ಕಾಯಂ ಮನೆ ಇಲ್ಲದವರು ಅಂತ ಹೆಸರಿಟ್ಟು, ಅವರಿಗೆ ವಿಶೇಷ ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. ನೋಂದಣಿ ಕೇಂದ್ರದಲ್ಲಿ ಈ ಸೆಕ್ಷನ್ ಹೇಳಿ ನೋಡಿ, ಎದುರಿಗೆ ಕೂತವರು "ವಿಳಾಸದ ಪುರಾವೆ ಎಲ್ಲಿ?" ಅಂತಲೇ ಕೇಳುತ್ತಾರೆ. ಚೀಟಿ ಸಿಕ್ಕ ಮೇಲೂ ಬೆರಳಚ್ಚಿನ ತಲೆನೋವು ಇದೆ. ಹಗ್ಗ, ಮುಳ್ಳು, ಉಣ್ಣೆ ಹಿಡಿದು ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಮಕ್ಕಳು 5 ವರ್ಷಕ್ಕೆ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕು, 15 ವರ್ಷಕ್ಕೆ ಮತ್ತೆ ಕೊಡಬೇಕು. ಹಿಂಡಿನ ಜೊತೆ ಇರುವ ಮಗುವಿಗೆ ಅದನ್ನು ನೆನಪಿಸುವವರು ಯಾರು?

ರೇಷನ್‌ನಲ್ಲಿ ಮಾತ್ರ ಪರಿಸ್ಥಿತಿ ಸುಧಾರಿಸಿದೆ ಅನ್ನಬಹುದು. 'ಒಂದು ದೇಶ ಒಂದು ರೇಷನ್ ಕಾರ್ಡ್' 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಬೇರೆ ಊರಿನ ಅಂಗಡಿಯಲ್ಲೂ ಧಾನ್ಯ ಎತ್ತಬಹುದು, ಬೆರಳು ಒಪ್ಪಿದರೆ.

ವೋಟಿನದು ಬೇರೆಯೇ ಕತೆ. 1950ರ ಪ್ರಜಾಪ್ರತಿನಿಧಿ ಕಾಯ್ದೆ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಅಲ್ಲಿನ ನಿವಾಸಿ ಅಲ್ಲ ಅನ್ನಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಪರಿಶೀಲನೆಗೆ ಬಂದವರು ಜನವರಿಯಲ್ಲಿ ಬೀಗ ಹಾಕಿದ ಮನೆ ನೋಡಿ 'ಸ್ಥಳಾಂತರ' ಅಂತ ಬರೆದುಕೊಂಡು ಹೋದರೆ ಹೆಸರು ಅಳಿಸಿಹೋಗುವ ಅಪಾಯ ಇದ್ದೇ ಇದೆ. ಊರಲ್ಲಿ ಉಳಿಯುವ ಅಜ್ಜ-ಅಜ್ಜಿಗೆ "ಮೇಯಿಸೋಕೆ ಹೋಗಿದ್ದಾರೆ, ಮಳೆಗೆ ಬರ್ತಾರೆ" ಅಂತ ಗಟ್ಟಿಯಾಗಿ ಹೇಳಲು ತಿಳಿಸಿದ್ದರೆ ಅರ್ಧ ಕೆಲಸ ಆದಂತೆ.

ಜಾತಿ ಪ್ರಮಾಣಪತ್ರಕ್ಕೂ ಸ್ಥಳ ವಿಚಾರಣೆ ಇದೆ. ಮೇಲಾಗಿ ರಾಜ್ಯದ ಗಡಿ. ಕರ್ನಾಟಕದಲ್ಲಿ ಕುರುಬರು ಹಿಂದುಳಿದ ವರ್ಗಗಳ 2ಎ. ಅದೇ ಕಸುಬಿನ ಧನಗರರು ಮಹಾರಾಷ್ಟ್ರದಲ್ಲಿ ಅಲೆಮಾರಿ ಬುಡಕಟ್ಟು 'ಸಿ' ಗುಂಪು. ಕುರಿ ಗಡಿ ನೋಡದೆ ಮೇಯುತ್ತದೆ, ಪ್ರಮಾಣಪತ್ರ ಗಡಿ ದಾಟುವುದಿಲ್ಲ.

ಕಾಡಿನಲ್ಲಿ ಮೇಯಿಸುವ ಹಕ್ಕಿನದು ಇನ್ನೂ ವಿಚಿತ್ರ. 2006ರ ಅರಣ್ಯ ಹಕ್ಕು ಕಾಯ್ದೆ ಋತುಮಾನಕ್ಕೆ ಬಂದು ಹೋಗುವ ಪಶುಪಾಲಕರ ಹಕ್ಕನ್ನು ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನಂಟು ತೋರಿಸಬೇಕು. 1930ರ ಸುಮಾರಿನ ಕಾಗದ ಇಟ್ಟುಕೊಂಡ ಕುರಿಗಾಹಿ ಸಿಗುವುದು ಕಷ್ಟ. ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ತಗೊಳ್ಳಬಹುದು ಅಂತ ನಿಯಮದಲ್ಲೇ ಇದೆ. ಅದನ್ನು ಬರೆದುಕೊಳ್ಳುವ ವ್ಯವಧಾನ ಬೇಕು, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಹೊರಡುವ ಮುಂಚಿನ ಮಳೆಗಾಲದ ತಿಂಗಳುಗಳಲ್ಲೇ ಊರಲ್ಲಿ ಶಿಬಿರ ನಡೆದರೆ ಬಹಳಷ್ಟು ಗಂಟು ಬಿಚ್ಚುತ್ತದೆ. ಸರ್ಕಾರಕ್ಕೆ ಇದೇನು ಭಾರದ ಕೆಲಸ ಅಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಮೊದಲ ಸಲ ಪಶುಪಾಲಕರ ಹಿಂಡುಗಳನ್ನು ಬೇರೆಯಾಗಿ ಲೆಕ್ಕ ಹಾಕಲು ಹೊರಟರು. ಕುರಿ ಎಣಿಸಲು ಹಟ್ಟಿಯವರೆಗೆ ಹೋದವರು ಜನರ ಕಾಗದಕ್ಕೂ ಹೋಗಬಹುದಲ್ಲ.

ಪ್ರಶ್ನೆ ಕೇಳಿದವರು ರೈತರಾಗಿದ್ದರೆ ಅವರೂ ಒಂದು ಕೆಲಸ ಮಾಡಬಹುದು. ನಿಮ್ಮ ಹೊಲದಲ್ಲಿ ಹಟ್ಟಿ ಹಾಕಿದವರಿಗೆ ಮಗು ಹುಟ್ಟಿದರೆ, ಅವರು ಮುಂದಿನ ಊರಿಗೆ ಹೊರಡುವ ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿ, ಜನನ ನೋಂದಣಿ ಮಾಡುವವರ ಹತ್ರ ಕರೆದುಕೊಂಡು ಹೋಗಿ. ನಿಮ್ಮ ಊರಿನ ಹೆಸರು, ಪಂಚಾಯ್ತಿ, ತಾಲ್ಲೂಕನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಪ್ರಮಾಣಪತ್ರ ಬಂದಿಲ್ಲದಿದ್ದರೆ ನಿಮ್ಮ ಫೋನ್ ನಂಬರನ್ನೂ ಬರೆಯಿರಿ. ಬಂದ ಮೇಲೆ ಅವರ ಊರಿಗೆ ಅಂಚೆಗೆ ಹಾಕಿದರಾಯಿತು.