ಗದ್ದೆಯ ಕೆಸರಿನಲ್ಲಿ ಸಾರಜನಕ ಚಕ್ರ: ತರಬೇತಿಯಿಂದ ಒಂದು ಟಿಪ್ಪಣಿ

ಉಡುಪಿಯಲ್ಲಿ ವಿಜ್ಞಾನ ಶಿಕ್ಷಕರಿಗೆ ನಡೆದ ತರಬೇತಿಯಲ್ಲಿ ನೈಸರ್ಗಿಕ ಚಕ್ರಗಳನ್ನು ಕೈಯಾರೆ ಮಾಡಿ ನೋಡಿದೆವು. ಜಲಚಕ್ರ, ಇಂಗಾಲದ ಚಕ್ರ ನಮಗೆಲ್ಲ ಬಾಯಿಪಾಠ, ಬಿಡೋಣ. ತಲೆ ತಿಂದದ್ದು ಸಾರಜನಕ ಚಕ್ರ.

ಮೊದಲು ಬೇರುಗಂಟು. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಗದ್ದೆಯಲ್ಲಿ ಬಿತ್ತಿದ ಅಲಸಂದೆ ಹೂ ಬಿಡುವಾಗ ಒಂದು ಗಿಡವನ್ನು ಅಗೆದು ತೆಗೆಯಿರಿ. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉದುರುತ್ತವೆ. ಗಂಟನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸದಲ್ಲಿದೆ ಎಂದರ್ಥ. ಆ ಬಣ್ಣ ಗಂಟಿನೊಳಗಿನ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು.

ಇನ್ನು ನಮ್ಮ ತಲೆಯಲ್ಲಿ ಗಂಟು ಬಿದ್ದ ಜಾಗ. ಅಮೋನಿಯಂ ಎಂಬ ಸಾರಜನಕದ ರೂಪ ನೈಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ಬದಲಾಗುವ ನೈಟ್ರೀಕರಣಕ್ಕೆ ಆಮ್ಲಜನಕ ಬೇಕೇ ಬೇಕು. ನೈಟ್ರೇಟ್ ಮತ್ತೆ ಅನಿಲವಾಗಿ ಗಾಳಿ ಸೇರುವ ವಿನೈಟ್ರೀಕರಣಕ್ಕೆ ಆಮ್ಲಜನಕ ಇರಬಾರದು. ಪಾಠದ ಚಿತ್ರ ಮಾತ್ರ ಎರಡೂ ಬಾಣಗಳನ್ನು ಒಂದೇ ಮಣ್ಣಿಗೆ ಚುಚ್ಚಿ ಕೈತೊಳೆದುಕೊಳ್ಳುತ್ತದೆ. ಇದು ಹೇಗೆ ಸಾಧ್ಯ?

ತಗ್ಗಿನಲ್ಲಿ ನೀರು ನಿಲ್ಲುವ ಬೈಲುಗದ್ದೆಯ ಕೆಸರನ್ನು ಗಾಜಿನ ಭರಣಿಗೆ ಅರ್ಧ ತುಂಬಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಕೆಲವು ವಾರ ಅಲುಗಾಡಿಸದೆ ಬಿಡಿ. ಕೆಸರಿನ ಮೇಲ್ತುದಿಯ ಕೆಲವೇ ಮಿಲಿಮೀಟರ್ ಕೆಂಗಂದು, ಅದರ ಕೆಳಗೆಲ್ಲ ಬೂದು. ಮಕ್ಕಳು ಇದನ್ನು ಸಾರಜನಕದ ಬಣ್ಣ ಎಂದುಕೊಳ್ಳುತ್ತಾರೆ; ಅಲ್ಲ, ನಮ್ಮ ಮುರಕಲ್ಲಿನ ನೆಲದ ಕಬ್ಬಿಣದ್ದು. ಆಮ್ಲಜನಕ ಸಿಕ್ಕಲ್ಲಿ ಕೆಂಪು, ಸಿಗದಲ್ಲಿ ಬೂದು. ನೀರಿನಲ್ಲಿ ಆಮ್ಲಜನಕ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ, ಬಂದಷ್ಟನ್ನೂ ಮೇಲಿನ ಸೂಕ್ಷ್ಮಜೀವಿಗಳೇ ಮುಗಿಸುತ್ತವೆ.

ಈಗ ಬಾಣಗಳನ್ನು ಭರಣಿಯ ಮೇಲೆ ಬರೆಯಿರಿ. ಕೆಂಪು ಪದರದಲ್ಲಿ ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಬ್ಯಾಕ್ಟರ್ ಎಂಬ ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಂ ಧನ ಅಯಾನು, ಜೇಡಿಮಣ್ಣಿನ ಋಣ ಆವೇಶ ಅದನ್ನು ಹಿಡಿದಿಡುತ್ತದೆ. ನೈಟ್ರೇಟ್ ಸ್ವತಃ ಋಣ, ಹಿಡಿಯುವವರಿಲ್ಲ; ನೀರಿನೊಡನೆ ಬೂದು ಪದರಕ್ಕೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು, ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕಿ ಮುಗಿದ ಮನೆಯವರು ಹಲಸಿನ ಬೀಜ ಬೇಯಿಸಿದ ಹಾಗೆ, ಆಮ್ಲಜನಕದ ಬದಲಿಗೆ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಕೊನೆಗೆ ಉಳಿಯುವುದು ಸಾರಜನಕದ ಅನಿಲ, ಸ್ವಲ್ಪ ನೈಟ್ರಸ್ ಆಕ್ಸೈಡ್. ಎರಡು ವಿರುದ್ಧ ಕ್ರಿಯೆಗಳ ನಡುವೆ ಇರುವುದು ಬೆರಳಿನ ಅಗಲವೂ ಇಲ್ಲದ ದೂರ!

ನಿಂತ ನೀರಿಗೆ ಯೂರಿಯಾ ಎರಚಿದರೆ ಯಾಕೆ ನಷ್ಟ ಎನ್ನುವುದಕ್ಕೆ ಒಂದು ಉತ್ತರ ಇಲ್ಲೇ ಇದೆ: ಅದು ಅಮೋನಿಯಂ ಆಗಿ ಕೆಂಪು ಪದರದಲ್ಲೇ ಕೂತು, ನೈಟ್ರೇಟ್ ಆಗಿ ಕೆಳಗಿಳಿದು, ಅನಿಲವಾಗಿ ಹೋಗುತ್ತದೆ. ಬೂದು ಕೆಸರಿನೊಳಗೆ ಹೂತರೆ ಅಮೋನಿಯಂ ಆಗಿಯೇ ಉಳಿದು ಬೇರಿಗೆ ಸಿಗುತ್ತದೆ.

ಎತ್ತರದ ಬೆಟ್ಟುಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ನೈಟ್ರೇಟ್ ಹೆಚ್ಚಾಗಿ ಮಳೆಯೊಂದಿಗೆ ತೋಡಿಗೆ ಹೋಗುತ್ತದೆ. ಒಮ್ಮೆ ಒಣಗಿ ಮತ್ತೆ ಮುಳುಗುವ ಗದ್ದೆಯ ಲೆಕ್ಕವನ್ನು ಮಕ್ಕಳಿಗೇ ಬಿಡಿ. ಸುಳಿವು: ಒಣಗಿದಾಗ ನೈಟ್ರೇಟ್ ಕೂಡಿಕೊಳ್ಳುತ್ತದೆ.