ಕೊಳೆಗೇರಿಯ ಮಕ್ಕಳೂ ಒಂದು ಕೋಣೆಯ ಶಾಲೆಯೂ

ನಗರದ ಬಡ ಮಗುವಿಗೆ ಶಾಲೆ ದೂರವಿರುವುದು ಅಪರೂಪ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಗಂಟೆ ಕಿವಿಗೆ ಬೀಳುತ್ತದೆ. ಆದರೆ ತಾಯಿ ಮನೆಗೆಲಸಕ್ಕೆ ಹೋದಾಗ ಎಂಟು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನೋಡಿಕೊಳ್ಳಬೇಕು. ಗುಡಿಸಲುಗಳನ್ನು ತೆರವು ಮಾಡಿದರೆ ಊರಿನ ಇನ್ನೊಂದು ಅಂಚಿಗೆ ಹೋಗಬೇಕು. ಅನೌಪಚಾರಿಕ ಪ್ರಾಥಮಿಕ ಶಿಕ್ಷಣ, ಅಂದರೆ ಮಾಮೂಲಿ ಶಾಲೆಯ ಹೊರಗೆ ನಡೆಯುವ ಕಲಿಕೆ, ರೂಪುಗೊಂಡದ್ದು ಇಂಥ ಮಕ್ಕಳಿಗಾಗಿ.

ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 45ನೇ ವಿಧಿ ಹೇಳಿತ್ತು. 1960 ಬಂದು ಹೋಯಿತು, ಗುರಿ ಹಾಗೆಯೇ ಉಳಿಯಿತು. 1979–80ರಲ್ಲಿ ಕೇಂದ್ರ ಸರ್ಕಾರ ಅನೌಪಚಾರಿಕ ಶಿಕ್ಷಣ ಯೋಜನೆ ಆರಂಭಿಸಿತು. 1986ರ ಶಿಕ್ಷಣ ನೀತಿಯ ನಂತರ ಅದು ನಗರದ ಕೊಳೆಗೇರಿಗಳಿಗೂ ವಿಸ್ತರಿಸಿತು. ಮಕ್ಕಳಿಗೆ ಬಿಡುವಾದ ಹೊತ್ತಿನಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಪಾಠ. ಉದ್ದೇಶ ಒಳ್ಳೆಯದೇ. ಆದರೆ ಕಲಿಸುವವರಿಗೆ ಸಂಬಳವಿರಲಿಲ್ಲ, ಅಲ್ಪ ಗೌರವಧನವಷ್ಟೇ. ಬಡವರ ಮಕ್ಕಳಿಗೆ ಎರಡನೇ ದರ್ಜೆಯ ಶಾಲೆ ಎಂಬ ಟೀಕೆ ಎದ್ದದ್ದು ನ್ಯಾಯವಾಗಿಯೇ ಇತ್ತು.

ಅದೇ ದಶಕದಲ್ಲಿ ಬಾಂಗ್ಲಾದೇಶ ಬೇರೆ ದಾರಿ ತೋರಿಸಿತು. ಅಲ್ಲಿನ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 1985ರಲ್ಲಿ ಹಳ್ಳಿಗಳಲ್ಲಿ 22 ಶಾಲೆಗಳನ್ನು ತೆರೆಯಿತು. ಮುಂದೆ ಅವು ನಗರದ ಕೊಳೆಗೇರಿಗಳಿಗೂ ಬಂದವು. ಒಂದೇ ಕೋಣೆ, ಮೂವತ್ತರಷ್ಟು ಮಕ್ಕಳು, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನೆಲದ ಮೇಲೆ ಚಾಪೆ ಹಾಸಿ, ಗೋಡೆಯಂಚಿಗೆ ಸುತ್ತಲೂ ಕೂರುತ್ತಾರೆ. ಹಿಂದಿನ ಬೆಂಚು ಎಂಬುದೇ ಇಲ್ಲ. ಅದೇ ಬಡಾವಣೆಯ ಮಹಿಳೆಯೊಬ್ಬರು ಮೊದಲ ಅಕ್ಷರದಿಂದ ಕೊನೆಯ ಪಾಠದವರೆಗೂ ಅದೇ ಮಕ್ಕಳಿಗೆ ಕಲಿಸುತ್ತಾರೆ. ಪಾಠದ ವೇಳೆಯನ್ನು ಪೋಷಕರ ಜೊತೆ ಕೂತು ಗೊತ್ತುಮಾಡುತ್ತಾರೆ. ಐದು ವರ್ಷಗಳ ಪಠ್ಯವನ್ನು ನಾಲ್ಕು ವರ್ಷಗಳಲ್ಲಿ ಮುಗಿಸಿದ ಮಗು ನೇರವಾಗಿ ಪ್ರೌಢಶಾಲೆ ಸೇರಬಹುದು. ಮುಂದಿನ ತರಗತಿಗೆ ತೆರೆದಿದ್ದ ಆ ಬಾಗಿಲೇ ದೊಡ್ಡ ವ್ಯತ್ಯಾಸ ಎಂದು ನನಗನ್ನಿಸುತ್ತದೆ.

ಭಾರತದಲ್ಲಿ 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆಯ ಮುಖವನ್ನೇ ನೋಡದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ವಿಶೇಷ ತರಬೇತಿ ಕೊಡಬೇಕು. ಇದು ದೊಡ್ಡ ಗೆಲುವು. ಆದರೆ ಅದೇ ಕಾಯ್ದೆಯಂತೆ ಮಾನ್ಯತೆಯಿಲ್ಲದೆ ಶಾಲೆ ನಡೆಸುವಂತಿಲ್ಲ. ಗಲ್ಲಿಯ ಅನೌಪಚಾರಿಕ ಕಲಿಕಾ ಕೇಂದ್ರ ಇನ್ನು ಶಾಲೆ ಎನಿಸಿಕೊಳ್ಳಲಾರದು. ಹಕ್ಕು ದೊರೆಯಿತು, ಆದರೆ ಮಗುವಿನ ದಿನಚರಿಗೆ ಹೊಂದಿಕೊಳ್ಳುವ ವೇಳೆ ಕೈತಪ್ಪಿತು. ಸರ್ಕಾರಿ ಶಾಲೆಯೇ ತನ್ನ ವಿಶೇಷ ತರಬೇತಿಯನ್ನು, ಸಂಬಳ ಪಡೆಯುವ ಶಿಕ್ಷಕರಿಂದ, ಕೊಳೆಗೇರಿಯೊಳಗೇ ಸಂಜೆಯ ಹೊತ್ತು ನಡೆಸಬೇಕು. ಅಲ್ಲೇ ಪಕ್ಕದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರವೂ ಇರಬೇಕು.