ಆ್ಯಪ್‌ಗೆ ದುಡ್ಡು ಸಿಗುತ್ತೆ, ಪಕ್ಕದಲ್ಲಿ ಕೂರೋ ಮನುಷ್ಯರಿಗೆ?

ಡಿಪ್ರೆಶನ್, ಆ್ಯಂಗ್ಸೈಟಿಗೆ ಫೋನಲ್ಲೇ ಟ್ರೀಟ್‌ಮೆಂಟ್ ಅನ್ನೋದು ಈಗ ಎಐ ಬಂದ್ಮೇಲೆ ಹುಟ್ಟಿದ ಐಡಿಯಾ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಆದ್ರೆ ಈ ಆಸೆಗೆ ಹತ್ತಿರ ಹತ್ತಿರ 60 ವರ್ಷ ವಯಸ್ಸು. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ತಮ್ಮ ಎಲಿಜಾ ಪ್ರೋಗ್ರಾಂ ಬಗ್ಗೆ ಪೇಪರ್ ಬರೆದ್ರು. ನೀವು ಬೇಜಾರಾಗಿದೆ ಅಂತ ಟೈಪ್ ಮಾಡಿದ್ರೆ ಅದು ಯಾಕೆ ಬೇಜಾರಾಗಿದೆ ಅನ್ನೋ ಥರ ನಿಮ್ಮ ಮಾತನ್ನೇ ತಿರುಗಿಸಿ ಕೇಳೋದು, ಅಷ್ಟೇ. ಅದು ಬರೀ ಪ್ರೋಗ್ರಾಂ ಅಂತ ಚೆನ್ನಾಗಿ ಗೊತ್ತಿದ್ದ ಅವರ ಸೆಕ್ರೆಟರಿನೇ ಅದ್ರ ಜೊತೆ ಮಾತಾಡ್ತಾ ನೀವು ಸ್ವಲ್ಪ ಹೊರಗೆ ಹೋಗ್ತೀರಾ ಅಂದ್ರಂತೆ, ವೈಜೆನ್‌ಬಾಮ್ ಗಾಬರಿಯಾಗಿದ್ದೇ ಅದಕ್ಕೆ. ಆದ್ರೆ ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಕೆನೆತ್ ಕೋಲ್ಬಿ ಮತ್ತವರ ಜೊತೆಯವರು ಇಂಥ ಕಂಪ್ಯೂಟರ್ ಗಂಟೆಗೆ ನೂರಾರು ರೋಗಿಗಳನ್ನ ನೋಡಬಹುದು ಅಂತ ಬರೆದ್ರು. ಈಗ ಗ್ರಾಂಟ್ ಅರ್ಜಿಗಳಲ್ಲಿ ಸ್ಕೇಲಬಲ್, ಅಂದ್ರೆ ಎಷ್ಟು ಜನಕ್ಕೆ ಬೇಕಾದ್ರೂ ಹಿಗ್ಗಿಸಬಹುದು, ಅಂತ ಬರೀತಾರಲ್ಲ, ಅದು ಶುರುವಾಗಿದ್ದು ಅಲ್ಲಿ.

ಡಾಕ್ಟರ್ ಕಮ್ಮಿ, ಜನ ಜಾಸ್ತಿ ಅನ್ನೋ ಸಮಸ್ಯೆ ನಮ್ಮ ಕಡೆ ಇನ್ನೂ ಜೋರು. ಅದಕ್ಕೆ ನಿಮ್ಹಾನ್ಸ್‌ನವರು ಕಂಪ್ಯೂಟರ್ ಇಲ್ದೇನೇ ಒಂದು ದಾರಿ ಹುಡುಕಿದ್ರು: ಬೆಂಗಳೂರು ಹತ್ತಿರದ ಸಕಲವಾರದಲ್ಲಿ, ಆಮೇಲೆ 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಡಾಕ್ಟರು, ಹೆಲ್ತ್ ವರ್ಕರ್‌ಗಳಿಗೇ ಟ್ರೈನಿಂಗ್ ಕೊಟ್ಟು ಮಾನಸಿಕ ಕಾಯಿಲೆ ನೋಡೋಕೆ ಹಚ್ಚಿದ್ರು. ಆ ಬಳ್ಳಾರಿ ಮಾದರಿ ಇಟ್ಕೊಂಡೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಆದ್ರೂ 2015-16ರ ರಾಷ್ಟ್ರೀಯ ಸಮೀಕ್ಷೆ ನೋಡಿದ್ರೆ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಏನಾದ್ರೂ ಒಂದು ಮಾನಸಿಕ ಸಮಸ್ಯೆ ಇತ್ತು, ಅವರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನಕ್ಕೆ ಚಿಕಿತ್ಸೆನೇ ಸಿಕ್ತಿರಲಿಲ್ಲ. ಇಂಥ ಅಂಕಿ ನೋಡಿದ ಕೂಡ್ಲೇ ಯಾರಿಗಾದ್ರೂ ಒಂದು ಆ್ಯಪ್ ಮಾಡಿಬಿಡೋಣ ಅನ್ಸುತ್ತೆ, ತಪ್ಪೇನಿಲ್ಲ.

ಆದ್ರೆ ಆ ಪ್ರಯೋಗ ಬ್ರಿಟನ್‌ನಲ್ಲಿ ಆಗಲೇ ಆಗಿತ್ತು. ಅಲ್ಲಿ ಬೀಟಿಂಗ್ ದ ಬ್ಲೂಸ್ ಅಂತ ಒಂದು ಪ್ರೋಗ್ರಾಂ. ಎಂಟು ವಾರ, ವಾರಕ್ಕೊಂದು ಸೆಷನ್, ಒಂದೊಂದೂ ಮುಕ್ಕಾಲು ಗಂಟೆ ಮೇಲೆ. ಸ್ಕ್ರೀನ್ ಮುಂದೆ ಕೂತು ತಲೆಗೆ ಬಂದ ಕೆಟ್ಟ ಯೋಚನೆ ಬರೀಬೇಕು, ಅದಕ್ಕೆ ಆಧಾರ ಏನು, ಬೇರೆ ಥರ ಯೋಚಿಸಬಹುದಾ ಅಂತ ಹಂತ ಹಂತವಾಗಿ ನೋಡ್ಕೊಂಡು ಹೋಗಬೇಕು, ಥೆರಪಿಸ್ಟ್ ಮಾಡ್ಸೋ ಸಿಬಿಟಿನೇ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಕಂಪ್ಯೂಟರಲ್ಲಿ. 2006ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ನೈಸ್ ಇದನ್ನ ಬಳಸಿ ಅಂತ ಶಿಫಾರಸು ಮಾಡ್ತು. ಆಮೇಲೆ ತೆರಿಗೆ ದುಡ್ಡಲ್ಲೇ ರಿಯಾಕ್ಟ್ ಅಂತ ದೊಡ್ಡ ಟ್ರಯಲ್ ಮಾಡಿದ್ರು, 691 ಜನ, ಇದನ್ನೂ ಆಸ್ಟ್ರೇಲಿಯಾದ ಇಂಥದ್ದೇ ಪ್ರೋಗ್ರಾಂ ಮೂಡ್‌ಜಿಮ್ ಅನ್ನೂ ಸೇರಿಸಿ. 2015ರಲ್ಲಿ ರಿಸಲ್ಟ್ ಬಂತು: ಫ್ಯಾಮಿಲಿ ಡಾಕ್ಟರ್ ಮಾಮೂಲಿಯಾಗಿ ನೋಡೋದಕ್ಕಿಂತ ಇವೆರಡರಿಂದ ಹೆಚ್ಚಿಗೆ ಏನೂ ಸಿಗ್ಲಿಲ್ಲ. ಕಾರಣ ನೋಡಿದ್ರೆ ಐದರಲ್ಲಿ ಒಬ್ಬರೂ ಎಲ್ಲ ಸೆಷನ್ ಮುಗಿಸಿರ್ಲಿಲ್ಲ. ಅಲ್ಲಾ, ಬೆಳಿಗ್ಗೆ ಹಾಸಿಗೆಯಿಂದ ಏಳೋದೇ ಕಷ್ಟ ಆಗಿರೋರಿಗೆ ಒಬ್ಬರೇ ಕೂತು ಹೋಮ್‌ವರ್ಕ್ ಮಾಡಿ ಅಂದ್ರೆ ಹೆಂಗೆ ಮಾಡ್ತಾರೆ? ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಖರ್ಚಾದ ಅತ್ಯಂತ ಉಪಯೋಗದ ದುಡ್ಡು ಇದೇ, ಇಂಥ ಬೇಡದ ರಿಸಲ್ಟ್ ಹುಡುಕೋಕೆ ಯಾವ ಕಂಪನಿನೂ ದುಡ್ಡು ಹಾಕಲ್ಲ.

ಹಾಕಲ್ಲ ಅನ್ನೋದಕ್ಕೆ ಮುಂದಿನ ಹತ್ತು ವರ್ಷನೇ ಸಾಕ್ಷಿ. ಸ್ಮಾರ್ಟ್‌ಫೋನ್ ಎಲ್ಲರ ಕೈಗೂ ಬಂತು, ಸ್ಟಾರ್ಟಪ್‌ಗಳಿಗೆ ಹಾಕೋ ವೆಂಚರ್ ಕ್ಯಾಪಿಟಲ್ ದುಡ್ಡು ನುಗ್ಗಿತು. ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಶೋಧನಾ ಸಂಸ್ಥೆಗೆ 13 ವರ್ಷ ಮುಖ್ಯಸ್ಥರಾಗಿದ್ದ ಟಾಮ್ ಇನ್ಸೆಲ್, ಸುಮಾರು 2,000 ಕೋಟಿ ಡಾಲರ್ ಖರ್ಚು ಮಾಡಿ ಒಳ್ಳೊಳ್ಳೆ ಪೇಪರ್ ಬರೆಸಿದ್ವಿ, ಆದ್ರೆ ಆತ್ಮಹತ್ಯೆ ಏನೂ ಕಮ್ಮಿ ಆಗ್ಲಿಲ್ಲ ಅಂತ ತಾವೇ ಹೇಳ್ಕೊಂಡಿದ್ದಾರೆ. ಅವರು ಮೈಂಡ್‌ಸ್ಟ್ರಾಂಗ್ ಅನ್ನೋ ಸ್ಟಾರ್ಟಪ್ ಸೇರ್ಕೊಂಡ್ರು, ಅದೂ 2023ರಲ್ಲಿ ಮುಚ್ಚಿತು. ಪೇರ್ ಥೆರಪ್ಯೂಟಿಕ್ಸ್ ಅನ್ನೋ ಅಮೆರಿಕದ ಕಂಪನಿ ಕಥೆ ಇನ್ನೂ ಬೇಜಾರಿನದು. ಸರ್ಕಾರಿ ಗ್ರಾಂಟಲ್ಲಿ ವರ್ಷಗಟ್ಟಲೆ ಬೆಳೆದ, ಚಟ ಬಿಡಿಸೋ ಒಂದು ಪ್ರೋಗ್ರಾಂ ತಗೊಂಡು ಅದನ್ನ ರೀಸೆಟ್ ಅಂತ ಮಾಡಿ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ತಗೊಂಡ್ರು, ಡಾಕ್ಟರ್ ಮಾತ್ರೆ ಬರೆದಂಗೆ ಆ್ಯಪ್ ಬರೆದುಕೊಡೋದು. ಶೇರು ಮಾರ್ಕೆಟ್ಟಿಗೆ ಹೋಗುವಾಗ ಕಂಪನಿ ಬೆಲೆ 160 ಕೋಟಿ ಡಾಲರ್ ಅಂದ್ರು. ಇನ್ಶೂರೆನ್ಸ್‌ನವರು ಮಾತ್ರ ಸರಿಯಾಗಿ ದುಡ್ಡು ಕೊಡ್ಲಿಲ್ಲ, 2023 ಏಪ್ರಿಲ್‌ನಲ್ಲಿ ದಿವಾಳಿ, ಆಸ್ತಿ ಎಲ್ಲ ಹರಾಜಲ್ಲಿ 60 ಲಕ್ಷ ಡಾಲರ್ ಆಸುಪಾಸಿಗೆ ಹೋಯ್ತು. ವೋಬಾಟ್ ಅನ್ನೋ ಚಾಟ್‌ಬಾಟ್ 2017ರಲ್ಲಿ ಶುರುವಾಗಿ 2025 ಜೂನ್ ಕೊನೆಗೆ ನಿಂತೋಯ್ತು. ಉಳಿದ ಆ್ಯಪ್‌ಗಳಾದ್ರೂ ಹೆಂಗಿವೆ? 2019ರಲ್ಲಿ 93 ಆ್ಯಪ್‌ಗಳ ಲೆಕ್ಕ ತೆಗೆದ್ರೆ, ಇನ್‌ಸ್ಟಾಲ್ ಮಾಡ್ಕೊಂಡ ಜನರಲ್ಲಿ 30 ದಿನ ಆದ್ಮೇಲೂ ಬಳಸ್ತಿದ್ದೋರು ಶೇ. 3ರ ಹತ್ತಿರ.

ಹಂಗಂತ ಇದು ಕೆಲಸನೇ ಮಾಡಲ್ಲ ಅಂತಲ್ಲ. ಸ್ವೀಡನ್‌ನಲ್ಲಿ ಇಂಟರ್ನೆಟ್ ಸಿಬಿಟಿ ಆಸ್ಪತ್ರೆಯ ಮಾಮೂಲಿ ಸೇವೆನೇ ಆಗಿದೆ, ಯಾಕಂದ್ರೆ ಅಲ್ಲಿ ಆ ಕಡೆ ಒಬ್ಬ ಥೆರಪಿಸ್ಟ್ ಇದ್ದು ವಾರಕ್ಕೆ ಕೆಲವು ನಿಮಿಷ ನೀವು ಬರೆದಿದ್ದನ್ನ ಓದಿ ಉತ್ತರ ಕೊಡ್ತಾರೆ. ಗೋವಾದ ಸಂಗಾತ್ ಸಂಸ್ಥೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮಧ್ಯಪ್ರದೇಶದ ಸೆಹೋರ್ ಜಿಲ್ಲೆಯಲ್ಲಿ ರೋಗಿ ಕೈಗಲ್ಲ, ಆಶಾ ಕಾರ್ಯಕರ್ತೆಯರ ಕೈಗೆ ಫೋನ್ ಕೋರ್ಸ್ ಕೊಟ್ರು, ಡಿಪ್ರೆಶನ್‌ಗೆ ಮಾತಾಡಿ ಚಿಕಿತ್ಸೆ ಕೊಡೋದನ್ನ ಅದರಲ್ಲೇ ಕಲಿಸೋಕೆ. ದುಡ್ಡು ಇನ್ಸೆಲ್ ಮುಖ್ಯಸ್ಥರಾಗಿದ್ದ ಅಮೆರಿಕದ ಅದೇ ಸರ್ಕಾರಿ ಸಂಸ್ಥೆದು. ಬಳ್ಳಾರಿ ಲೆಕ್ಕಾಚಾರಕ್ಕೆ ಫೋನ್ ಸೇರಿಸಿದಂಗೆ ಇದು, ನಂಗಂತೂ ತುಂಬಾ ಇಷ್ಟ ಆಗಿದ್ದು.

ನಮ್ಮ ಸರ್ಕಾರನೂ ಮನುಷ್ಯರನ್ನೇ ಇಟ್ಕೊಂಡು ಹೊರಟಿದ್ದು. 2022ರ ಬಜೆಟ್‌ನಲ್ಲಿ ಟೆಲಿ ಮಾನಸ್ ಘೋಷಣೆ ಆಯ್ತು, ಅಕ್ಟೋಬರ್‌ನಲ್ಲಿ ಶುರು, ನಿಮ್ಹಾನ್ಸ್ ಮುಂದಾಳು, ತಾಂತ್ರಿಕ ಕೆಲಸ ಬೆಂಗಳೂರಿನ ಐಐಐಟಿದು. 14416ಕ್ಕೆ ಫೋನ್ ಮಾಡಿ ಭಾಷೆ ಆರಿಸಿದ್ರೆ ಕನ್ನಡದಲ್ಲೇ ಕೌನ್ಸೆಲರ್ ಮಾತಾಡ್ತಾರೆ, ಜಾಸ್ತಿ ಬೇಕಾದ್ರೆ ಮನೋವೈದ್ಯರಿಗೆ ಕಳಿಸ್ತಾರೆ. ಎರಡು ವರ್ಷ ಆಗೋದ್ರೊಳಗೆ 10 ಲಕ್ಷ ಕರೆ ದಾಟಿತು. ಆದ್ರೆ ಬಜೆಟ್‌ನಲ್ಲಿ 2023-24ಕ್ಕೆ ಸುಮಾರು 134 ಕೋಟಿ ಅಂತಿದ್ದದ್ದು ಮುಂದಿನ ವರ್ಷ 90 ಕೋಟಿಗೆ ಬಂತು. ಕರೆ ಏರ್ತಿರುವಾಗ ದುಡ್ಡು ಇಳಿಸೋದು ಯಾವ ಲೆಕ್ಕವೋ.

ಈಗ ಮತ್ತೆ ಫಂಡಿಂಗ್ ಬಿಸಿ ಏರಿದೆ. ಬ್ರಿಟನ್‌ನ ವೆಲ್‌ಕಮ್ ಟ್ರಸ್ಟ್ 2019ರಲ್ಲಿ ಮಾನಸಿಕ ಆರೋಗ್ಯ ಸಂಶೋಧನೆಗೆ 20 ಕೋಟಿ ಪೌಂಡ್ ಘೋಷಿಸಿತ್ತು, ಆಮೇಲೆ ದೊಡ್ಡ ಮಟ್ಟಕ್ಕೆ ಬೆಳೆಸಬಹುದಾದ ಡಿಜಿಟಲ್ ಚಿಕಿತ್ಸೆಗೇ ಅಂತ ಅರ್ಜಿನೂ ಕರೆದಿದೆ. ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರೋ ಸರ್ಕಾರಿ ವಿಮೆ ಮೆಡಿಕೇರ್ 2025 ಜನವರಿಯಿಂದ ಇಂಥ ಒಪ್ಪಿಗೆ ಸಿಕ್ಕ ಟೂಲ್‌ಗಳಿಗೂ, ಡಾಕ್ಟರು ಅದರ ಫಾಲೋಅಪ್‌ಗೆ ಹಾಕೋ ಸಮಯಕ್ಕೂ ಬಿಲ್ ಮಾಡೋಕೆ ಕೋಡ್ ಕೊಟ್ಟಿದೆ, ಪೇರ್‌ಗೆ ತಡವಾಯ್ತು ಅಷ್ಟೇ. ಅದೇ ವರ್ಷ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರ ಥೆರಾಬಾಟ್ ಅನ್ನೋ ಎಐ ಚಾಟ್‌ಬಾಟ್ ಟ್ರಯಲ್‌ನಲ್ಲಿ, 210 ಜನ, ಬಾಟ್ ಬಳಸಿದವರ ಡಿಪ್ರೆಶನ್ ಲಕ್ಷಣ ಸರಾಸರಿ ಅರ್ಧದಷ್ಟು ಇಳಿಯಿತು. ಹೋಲಿಸಿ ನೋಡಿದ್ದು ಏನೂ ಚಿಕಿತ್ಸೆ ಇಲ್ದೆ ಕಾಯ್ತಿದ್ದವರ ಜೊತೆ, ಅದನ್ನ ಪತ್ರಿಕೆಯವರು ಹೆಡ್‌ಲೈನ್‌ನಲ್ಲಿ ಹಾಕಲ್ಲ. ಇನ್ನೊಂದು, ಆ ಬಾಟ್ ಕಳಿಸಿದ ಮೆಸೇಜುಗಳನ್ನ ರಿಸರ್ಚ್ ತಂಡದ ಮನುಷ್ಯರು ಕೂತು ಓದ್ತಿದ್ರು, ಎಲ್ಲಾದ್ರೂ ಎಡವಟ್ಟಾದ್ರೆ ತಡೆಯೋಕೆ. ಟ್ರಯಲ್ ಇರೋವರೆಗೆ ಆ ಸಂಬಳ ಗ್ರಾಂಟಲ್ಲಿ ನಡೆಯುತ್ತೆ, ನಾಳೆ ಅದನ್ನ ಹತ್ತು ಲಕ್ಷ ಜನಕ್ಕೆ ಬಿಟ್ಟಾಗ ಓದೋಕೆ ಯಾರು ಕೂರ್ತಾರೆ, ಅವರಿಗೆ ಯಾರು ಕೊಡ್ತಾರೆ ಅಂತ ಅರ್ಜಿಯಲ್ಲೇ ಕೇಳಬೇಕು.